ಕನ್ಸೋಲ್ ತುಟ್ಟಿಯಾಯಿತು, ಆದರೂ ಜನ ಪಿಸಿ ಕಡೆ ಯಾಕೆ ಹೊರಳುತ್ತಿಲ್ಲ?

ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳ ಮಾರುಕಟ್ಟೆಯಲ್ಲಿ ಇಷ್ಟು ವರ್ಷ ಒಂದು ಲೆಕ್ಕ ತಪ್ಪುತ್ತಿರಲಿಲ್ಲ. ಹೊಸದಾಗಿ ಬಂದಾಗ ಬೆಲೆ ಹೆಚ್ಚು, ಮೂರು ವರ್ಷ ಕಾದರೆ ಕಡಿಮೆ. ಪ್ಲೇಸ್ಟೇಷನ್ 4 ಅಮೆರಿಕದಲ್ಲಿ 2013ರಲ್ಲಿ 399 ಡಾಲರ್‌ಗೆ ಬಂತು. 2016ರಲ್ಲಿ ಅದರ ತೆಳು ಮಾದರಿ 299 ಡಾಲರ್‌ಗೆ ಸಿಗುತ್ತಿತ್ತು. ಈ ತಲೆಮಾರಿನಲ್ಲಿ ಲೆಕ್ಕ ತಲೆಕೆಳಗಾಗಿದೆ. 2020ರ ನವೆಂಬರ್‌ನಲ್ಲಿ 499 ಡಾಲರ್‌ಗೆ ಬಂದ ಪ್ಲೇಸ್ಟೇಷನ್ 5ರ ಬೆಲೆಯನ್ನು ಸೋನಿ 2025ರ ಆಗಸ್ಟ್‌ನಲ್ಲಿ 549 ಡಾಲರ್‌ಗೆ ಏರಿಸಿತು. ಮೈಕ್ರೋಸಾಫ್ಟ್ ಅದೇ ವರ್ಷ ಎರಡು ಸಲ ಬೆಲೆ ಏರಿಸಿ, 499 ಡಾಲರ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅನ್ನು 649ಕ್ಕೆ ತಂದು ನಿಲ್ಲಿಸಿತು. ಭಾರತದಲ್ಲಿ ಇದು ಇನ್ನೂ ಮೊದಲೇ ಶುರುವಾಗಿತ್ತು: 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಬಂದ ಪಿಎಸ್5, 2022ರ ನವೆಂಬರ್‌ನಲ್ಲಿ 54,990 ಆಯಿತು.

ಇಷ್ಟಾದ ಮೇಲೆ ಜನ ಕನ್ಸೋಲ್ ಬಿಟ್ಟು ಪಿಸಿ ಕಡೆ ಹೋಗಬೇಕಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಾಗಿಲ್ಲ. 2025ರ ಸೆಪ್ಟೆಂಬರ್ ಕೊನೆಗೆ ಜಗತ್ತಿನಾದ್ಯಂತ ಪಿಎಸ್5 ಮಾರಾಟ 8.4 ಕೋಟಿ ಮುಟ್ಟಿತ್ತು. ಇನ್ನೊಂದು ಕಡೆ, ಪಿಸಿ ಲೋಕದ ದೊಡ್ಡವರೇ ಕನ್ಸೋಲ್‌ನಂಥ ಪೆಟ್ಟಿಗೆ ಮಾಡಲು ಹೊರಟಿದ್ದಾರೆ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಒಡೆಯ ಕಂಪನಿ ವಾಲ್ವ್, ಟಿವಿ ಪಕ್ಕ ಇಡುವ ‘ಸ್ಟೀಮ್ ಮೆಷಿನ್’ ಅನ್ನು 2025ರ ನವೆಂಬರ್‌ನಲ್ಲಿ ಘೋಷಿಸಿತು. ಮೈಕ್ರೋಸಾಫ್ಟ್ ತನ್ನ ಹೆಮ್ಮೆಯ ‘ಹೇಲೊ’ ಗೇಮ್ ಸರಣಿಯನ್ನು ಎದುರಾಳಿ ಸೋನಿಯ ಯಂತ್ರಕ್ಕೂ ತರುವುದಾಗಿ ಹೇಳಿತು. ಯಾರು ಯಾವ ಕಡೆ ಇದ್ದಾರೆ ಎನ್ನುವುದೇ ತಿಳಿಯದಂತಾಗಿದೆ.

ಬೆಲೆ ಮತ್ತು ತಾಕತ್ತು, ಇವೆರಡನ್ನೇ ಹಿಡಿದು ಹೋಲಿಸಿದರೆ ಈ ಗೊಂದಲ ಬಗೆಹರಿಯುವುದಿಲ್ಲ. ಆಟ ಸರಿಯಾಗಿ ಓಡುವಂತೆ ನೋಡಿಕೊಳ್ಳುವ ಹೊಣೆ ಯಾರ ಮೇಲಿದೆ ಎಂದು ಕೇಳಬೇಕು. ಪಿಸಿಯಲ್ಲಿ ಅದು ಬಹುಪಾಲು ಕೊಂಡವರ ಮೇಲೆ. ಕನ್ಸೋಲ್‌ನಲ್ಲಿ ತಯಾರಿಸಿದವರ ಮೇಲೆ. ಆ ಹೊಣೆ ಇಳಿಸಿಕೊಳ್ಳಲು ಜನ ಹಣವನ್ನೂ ಸ್ವಾತಂತ್ರ್ಯವನ್ನೂ ಬಿಟ್ಟುಕೊಡುತ್ತಿದ್ದಾರೆ. ಈ ಕೊಡು-ಕೊಳ್ಳುವಿಕೆ ಹೇಗೆ ನಡೆಯುತ್ತದೆ, ಎಲ್ಲಿ ಹದಗೆಡುತ್ತಿದೆ ಎಂಬುದನ್ನು ನೋಡೋಣ.

ಬೆಲೆ ಇಳಿಯುವ ಬದಲು ಏರಿದ್ದೇಕೆ

ಹಿಂದೆ ಚಿಪ್ ತಯಾರಿಕೆ ಪ್ರತಿ ಕೆಲವು ವರ್ಷಕ್ಕೆ ಸಣ್ಣ ಅಳತೆಗೆ ಇಳಿಯುತ್ತಿತ್ತು. ಅದೇ ಚಿಪ್ ಸಣ್ಣದಾದರೆ ಒಂದು ಸಿಲಿಕಾನ್ ಬಿಲ್ಲೆಯಲ್ಲಿ (ವೇಫರ್) ಹೆಚ್ಚು ಚಿಪ್ ಸಿಗುತ್ತವೆ, ಒಂದೊಂದರ ಖರ್ಚು ತಗ್ಗುತ್ತದೆ. ಪಿಎಸ್5 ಚಿಪ್ ಕೂಡ 2022ರಲ್ಲಿ 7 ನ್ಯಾನೊಮೀಟರ್‌ನಿಂದ 6ಕ್ಕೆ ಇಳಿಯಿತು. ಆದರೆ ಈಗ ಹೊಸ ಅಳತೆಯ ಬಿಲ್ಲೆಗಳೇ ಎಷ್ಟು ದುಬಾರಿ ಎಂದರೆ, ಸಣ್ಣದಾಗಿಸಿದ ಲಾಭ ಅಲ್ಲಿಗೇ ಸರಿಹೋಗುತ್ತದೆ. ಅದರ ಮೇಲೆ 2025ರಲ್ಲಿ ಅಮೆರಿಕ ಆಮದು ಸುಂಕ ಹೇರಿತು.

ವರ್ಷದ ಕೊನೆಗೆ ಮೂರನೆಯ ಪೆಟ್ಟು ಬಿತ್ತು: ಮೆಮೊರಿ. ಜಗತ್ತಿಗೆ ಬೇಕಾದ ರ್‍ಯಾಮ್ ಚಿಪ್‌ಗಳ ಬಹುಪಾಲು ಬರುವುದು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳಿಂದ. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಎಚ್‌ಬಿಎಂ ಎಂಬ ಮೆಮೊರಿ, ಅಷ್ಟೇ ಸಾಮರ್ಥ್ಯದ ಸಾಮಾನ್ಯ ರ್‍ಯಾಮ್‌ಗಿಂತ ಸುಮಾರು ಮೂರು ಪಟ್ಟು ಬಿಲ್ಲೆ ನುಂಗುತ್ತದೆ. ಲಾಭವೂ ಅದರಲ್ಲೇ ಹೆಚ್ಚು. ಹೀಗಾಗಿ ಮೂವರೂ ಆ ಕಡೆ ವಾಲಿದರು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ‘ಕ್ರೂಶಿಯಲ್’ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಮಾರುವ ವ್ಯವಹಾರವನ್ನೇ ಮುಚ್ಚುವುದಾಗಿ ಹೇಳಿತು. ಅಂಗಡಿಯಲ್ಲಿ ಡಿಡಿಆರ್5 ರ್‍ಯಾಮ್‌ನ ಬೆಲೆ ಕೆಲವೇ ತಿಂಗಳಲ್ಲಿ ಎರಡು ಪಟ್ಟು ದಾಟಿತು.

ಈ ಪೆಟ್ಟು ಮೊದಲು ಬಿದ್ದದ್ದು ಪಿಸಿ ಕಟ್ಟಿಸುವವರಿಗೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯವರು ಇವತ್ತಿನ ದರಕ್ಕೆ ಇವತ್ತು ಮಾರುತ್ತಾರೆ. ಸೋನಿಯಂಥ ಕಂಪನಿಗಳು ತಿಂಗಳುಗಟ್ಟಲೆ ಮುಂಚೆ ದೊಡ್ಡ ಪ್ರಮಾಣದಲ್ಲಿ ಖರೀದಿ ಒಪ್ಪಂದ ಮಾಡಿಕೊಂಡಿರುತ್ತವೆ, ಬಿಸಿ ತಟ್ಟಲು ಹೊತ್ತು ಹಿಡಿಯುತ್ತದೆ. ಆದರೆ ತಟ್ಟದೇ ಇರದು. ಪ್ರತಿ ಪಿಎಸ್5ನಲ್ಲೂ 16 ಜಿಬಿ ಮೆಮೊರಿ ಕೂತಿದೆ.

ಪೆಟ್ಟಿಗೆಯಲ್ಲಿ ಲಾಭವಿಲ್ಲ, ಅಂಗಡಿಯಲ್ಲಿದೆ

ಪಿಎಸ್5ನ ಗ್ರಾಫಿಕ್ಸ್ ಭಾಗಕ್ಕೆ ಹತ್ತಿರದ ಪಿಸಿ ಗ್ರಾಫಿಕ್ಸ್ ಕಾರ್ಡ್ ಎಂದರೆ ಎಎಂಡಿ ಕಂಪನಿಯ ಆರ್‌ಎಕ್ಸ್ 6700. ಎರಡರಲ್ಲೂ ಲೆಕ್ಕ ಮಾಡುವ 36 ಕಂಪ್ಯೂಟ್ ಯೂನಿಟ್, ಎರಡೂ ಆರ್‌ಡಿಎನ್‌ಎ 2 ಎಂಬ ಒಂದೇ ಚಿಪ್ ಕುಲದವು. ಆ ಕಾರ್ಡ್‌ನ ಜೊತೆಗೆ ಎಂಟು ಕೋರ್‌ನ ಪ್ರೊಸೆಸರ್, ಮದರ್‌ಬೋರ್ಡ್, 16 ಜಿಬಿ ರ್‍ಯಾಮ್, ವೇಗದ ಎಸ್‌ಎಸ್‌ಡಿ, 550ರಿಂದ 650 ವ್ಯಾಟ್‌ನ ಪವರ್ ಸಪ್ಲೈ, ಕ್ಯಾಬಿನೆಟ್, ವಿಂಡೋಸ್ ಲೈಸೆನ್ಸ್, ಒಂದು ಕಂಟ್ರೋಲರ್ ಸೇರಿಸಿ. ಎಲ್ಲವನ್ನೂ ಹೊಸದಾಗಿ ಕೊಂಡರೆ ಕನ್ಸೋಲ್‌ನ ಬೆಲೆಯೊಳಗೆ ಮುಗಿಸುವುದು ಕಷ್ಟ. ರ್‍ಯಾಮ್ ಬೆಲೆ ಏರಿದ ಮೇಲಂತೂ ಆ ಮಾತೇ ಇಲ್ಲ.

ಕಂಪನಿಗೆ ಇದು ಹೇಗೆ ಗಿಟ್ಟುತ್ತದೆ? ಪೆಟ್ಟಿಗೆಯನ್ನು ತಯಾರಿಕೆಯ ಖರ್ಚಿಗೆ ಹತ್ತಿರದ ಬೆಲೆಗೆ ಮಾರಿ, ಅದರೊಳಗಿನ ಅಂಗಡಿಯಲ್ಲಿ ಮಾರಾಟವಾಗುವ ಪ್ರತಿ ಗೇಮ್‌ನಿಂದ ಸುಮಾರು ಶೇ 30 ಪಾಲು ತೆಗೆದುಕೊಳ್ಳುತ್ತದೆ. 499 ಡಾಲರ್‌ನ ಪಿಎಸ್5 ನಷ್ಟದಿಂದ ಹೊರಬಂದಿದೆ ಎಂದು ಸೋನಿ ಹೇಳಿದ್ದು 2021ರ ಆಗಸ್ಟ್‌ನಲ್ಲಿ. ಅಂದರೆ ಮೊದಲ ತಿಂಗಳುಗಳಲ್ಲಿ ಪ್ರತಿ ಪೆಟ್ಟಿಗೆಗೂ ಕೈಯಿಂದ ಹಣ ಹಾಕುತ್ತಿತ್ತು.

ಈ ವ್ಯವಹಾರ ನಡೆಯಬೇಕಾದರೆ ಪೆಟ್ಟಿಗೆ ಬೀಗ ಹಾಕಿಕೊಂಡೇ ಇರಬೇಕು. ಬೀಗ ತೆಗೆದರೆ ಏನಾಗುತ್ತದೆ ಎನ್ನುವುದಕ್ಕೆ ಪಿಎಸ್3 ಸಾಕ್ಷಿ. ಅದರಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆ ಹಾಕಲು ಸೋನಿಯೇ ಅವಕಾಶ ಕೊಟ್ಟಿತ್ತು. ಅಮೆರಿಕದ ವಾಯುಪಡೆಯ ಸಂಶೋಧನಾಲಯ 1,700ಕ್ಕೂ ಹೆಚ್ಚು ಪಿಎಸ್3ಗಳನ್ನು ಜೋಡಿಸಿ ‘ಕಾಂಡೊರ್’ ಎಂಬ ಸೂಪರ್ ಕಂಪ್ಯೂಟರ್ ಕಟ್ಟಿತು. ಆ ಪೆಟ್ಟಿಗೆಗಳಿಗಾಗಿ ಒಂದೇ ಒಂದು ಗೇಮ್ ಕೂಡ ಮಾರಾಟವಾಗಿರಲಾರದು. 2010ರ ಏಪ್ರಿಲ್‌ನಲ್ಲಿ ಸೋನಿ ಭದ್ರತೆಯ ಕಾರಣ ಕೊಟ್ಟು ಆ ಅವಕಾಶವನ್ನೇ ಕಿತ್ತುಹಾಕಿತು. ಸ್ಟೀಮ್ ಮೆಷಿನ್‌ನ ಬೆಲೆ ಅಷ್ಟೇ ಸಾಮರ್ಥ್ಯದ ಪಿಸಿಯ ಬೆಲೆಗೆ ಹತ್ತಿರವಿರುತ್ತದೆ, ಕನ್ಸೋಲ್‌ನಂತೆ ಕೈಯಿಂದ ಹಾಕಿ ಮಾರುವುದಿಲ್ಲ ಎಂದು ವಾಲ್ವ್ ಹೇಳಿದ್ದರ ಹಿಂದೆ ಇದೇ ತರ್ಕವಿದೆ. ಯಾರು ಬೇಕಾದರೂ ಯಾವ ಸಾಫ್ಟ್‌ವೇರ್ ಬೇಕಾದರೂ ಹಾಕಬಹುದಾದ ಪೆಟ್ಟಿಗೆಯನ್ನು ಅಗ್ಗಕ್ಕೆ ಮಾರಿದರೆ, ಕಚೇರಿಗಳು ಟೈಪಿಂಗ್ ಕೆಲಸಕ್ಕೆ ಲೋಡುಗಟ್ಟಲೆ ಕೊಂಡೊಯ್ಯುತ್ತವೆ.

ಒಂದೇ ಯಂತ್ರ ಎಂಬುದರ ಬಲ

ಕನ್ಸೋಲ್ ಪ್ರಿಯರು ‘ಹಾಕಿದರೆ ಓಡುತ್ತೆ’ ಎನ್ನುತ್ತಾರೆ. ಪಿಸಿ ಬಳಸುವವರಿಗೆ ಇದು ಸೋಮಾರಿತನದ ಮಾತಿನಂತೆ ಕೇಳಿಸಬಹುದು. ಅದರ ಹಿಂದೆ ಗಟ್ಟಿಯಾದ ತಾಂತ್ರಿಕ ಕಾರಣವಿದೆ, ಅದರ ಹೆಸರು ಶೇಡರ್.

ನೀರು ಹೇಗೆ ಹೊಳೆಯಬೇಕು, ಚರ್ಮದ ಮೇಲೆ ಬೆಳಕು ಹೇಗೆ ಬೀಳಬೇಕು ಎಂದು ಗ್ರಾಫಿಕ್ಸ್ ಚಿಪ್‌ಗೆ ಹೇಳುವ ಪುಟ್ಟ ಪ್ರೋಗ್ರಾಂಗಳೇ ಶೇಡರ್‌ಗಳು. ಒಂದು ದೊಡ್ಡ ಗೇಮ್‌ನಲ್ಲಿ ಸಾವಿರಾರು ಇರುತ್ತವೆ. ಪ್ರತಿ ಚಿಪ್ ಕುಲಕ್ಕೂ ತನ್ನದೇ ಯಂತ್ರಭಾಷೆ ಇರುವುದರಿಂದ, ಶೇಡರ್ ಆಯಾ ಚಿಪ್‌ಗೆ ತಕ್ಕಂತೆ ಕಂಪೈಲ್ ಆಗಬೇಕು, ಅಂದರೆ ಆ ಭಾಷೆಗೆ ಬದಲಾಗಬೇಕು. ಪಿಎಸ್5 ಎಲ್ಲರ ಮನೆಯಲ್ಲೂ ಒಂದೇ. ಗೇಮ್ ಮಾಡಿದವರು ತಮ್ಮ ಕಚೇರಿಯಲ್ಲೇ ಒಮ್ಮೆ ಕಂಪೈಲ್ ಮಾಡಿ, ಸಿದ್ಧ ರೂಪವನ್ನೇ ಕಳುಹಿಸುತ್ತಾರೆ. ಪಿಸಿಯಲ್ಲಿ ಎನ್‌ವಿಡಿಯಾ, ಎಎಂಡಿ, ಇಂಟೆಲ್ ಎಂಬ ಮೂರು ಕಂಪನಿ, ಒಂದೊಂದರಲ್ಲೂ ಹಲವು ತಲೆಮಾರು, ಪ್ರತಿ ತಿಂಗಳೂ ಹೊಸ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ). ಒಬ್ಬರ ಅಳತೆ ಹಿಡಿದು ಅಂಗಿ ಹೊಲಿಯುವುದಕ್ಕೂ ಊರಿಗೆಲ್ಲ ಆಗುವಂತೆ ಹೊಲಿಯುವುದಕ್ಕೂ ಇರುವ ವ್ಯತ್ಯಾಸ ಇದು. ಇಷ್ಟು ಜೋಡಿಗಳಿಗೆ ಮೊದಲೇ ಕಂಪೈಲ್ ಮಾಡಿ ಕಳುಹಿಸಲಾಗದು, ಆ ಕೆಲಸ ಆಟಗಾರರ ಪಿಸಿಯಲ್ಲೇ ಆಗಬೇಕು.

ಎಡವಟ್ಟಾಗುವುದು ಇಲ್ಲೇ. ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಆಟದ ನಡುವೆ ಹೊಸ ಸ್ಫೋಟವೊಂದು ಕಾಣಿಸಿಕೊಂಡು, ಅದರ ಶೇಡರ್ ಕಂಪೈಲ್ ಆಗಲು 100 ಮಿಲಿಸೆಕೆಂಡ್ ಹಿಡಿದರೆ ಆರು ಚಿತ್ರಗಳಷ್ಟು ಹೊತ್ತು ಪರದೆ ಗಕ್ಕನೆ ನಿಲ್ಲುತ್ತದೆ. ಎಷ್ಟೇ ದುಬಾರಿ ಕಾರ್ಡ್ ಹಾಕಿದರೂ ಇದು ಪೂರ್ತಿ ಹೋಗುವುದಿಲ್ಲ. ಇದನ್ನು ತಪ್ಪಿಸಲು ಅನೇಕ ಗೇಮ್‌ಗಳು ಮೊದಲ ಸಲ ತೆರೆದಾಗಲೇ ಎಲ್ಲ ಶೇಡರ್ ಸಿದ್ಧಪಡಿಸುತ್ತವೆ. ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1’ 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದಾಗ ಈ ಕಾಯುವಿಕೆಯೇ ದೊಡ್ಡ ದೂರಾಯಿತು. ಡ್ರೈವರ್ ಅಪ್‌ಡೇಟ್ ಮಾಡಿದರೆ ಹಳೆಯ ಸಂಗ್ರಹ ಕೆಲಸಕ್ಕೆ ಬಾರದೆ ಮತ್ತೆ ಮೊದಲಿನಿಂದ ಶುರುವಾಗುವುದೂ ಉಂಟು. ‘ನಿನ್ನೆ ಚೆನ್ನಾಗಿ ಓಡುತ್ತಿತ್ತು, ಇವತ್ತು ತಡವರಿಸುತ್ತಿದೆ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಹೊಸ ಡ್ರೈವರ್ ಹಾಕಿದ ಮೇಲೆ ಗೇಮ್ ತೆರೆದು, ಶೇಡರ್ ಸಿದ್ಧತೆ ಪೂರ್ತಿ ಮುಗಿಯುವವರೆಗೆ ಮುಖ್ಯ ಮೆನುವಿನಲ್ಲೇ ಬಿಡುವುದು ಒಳ್ಳೆಯದು. ಅರ್ಧಕ್ಕೆ ಆಟ ಶುರು ಮಾಡಿದರೆ ಎರಡೂ ಕೆಲಸ ಒಂದೇ ಪ್ರೊಸೆಸರ್‌ಗೆ ಕಿತ್ತಾಡುತ್ತವೆ.

ಮೆಮೊರಿಯದ್ದೂ ಇದೇ ಕಥೆ. ಪಿಎಸ್5ನ 16 ಜಿಬಿಯನ್ನು ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಹಂಚಿಕೊಳ್ಳುತ್ತವೆ. ಪಿಸಿಯಲ್ಲಿ ಕಾರ್ಡ್‌ನ ಮೆಮೊರಿ ಬೇರೆ, ರ್‍ಯಾಮ್ ಬೇರೆ. ಕನ್ಸೋಲ್‌ಗೆಂದು ಮಾಡಿದ ಟೆಕ್ಸ್‌ಚರ್‌ಗಳು (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು) 8 ಜಿಬಿ ಕಾರ್ಡ್‌ನಲ್ಲಿ ಹಿಡಿಸದೇ ಹೋದಾಗ, ಮಿಕ್ಕದ್ದು ರ್‍ಯಾಮ್‌ನಿಂದ ಹೋಗಿ ಬಂದು ಮಾಡಬೇಕಾಗುತ್ತದೆ. ಚಿತ್ರ ಮಸುಕಾಗುತ್ತದೆ, ಇಲ್ಲವೇ ಆಟ ಎಳೆಯುತ್ತದೆ. ಪರಿಹಾರ ಸುಲಭ, ಟೆಕ್ಸ್‌ಚರ್ ಗುಣಮಟ್ಟವನ್ನು ಒಂದು ಹಂತ ಇಳಿಸಿದರೆ ಸಾಕು. ಆದರೆ ಅದು ಗೊತ್ತಿರಬೇಕಲ್ಲ. ಕನ್ಸೋಲ್‌ನಲ್ಲಿ ಆ ನಿರ್ಧಾರವನ್ನು ಗೇಮ್ ಮಾಡಿದವರೇ ಕೂತು ಮಾಡಿ ಮುಗಿಸಿರುತ್ತಾರೆ, ಆಡುವವರಿಗೆ ಕಾಣುವುದು ‘ಪರ್ಫಾರ್ಮೆನ್ಸ್’, ‘ಕ್ವಾಲಿಟಿ’ ಎಂಬ ಎರಡು ಆಯ್ಕೆ ಅಷ್ಟೇ.

ಹೊಸದಾಗಿ ಪಿಸಿ ಕಟ್ಟಿಸಿದವರು ಎಡವುವ ಸಣ್ಣ ಪುಟ್ಟ ಜಾಗಗಳೂ ಕಡಿಮೆ ಇಲ್ಲ. ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಮದರ್‌ಬೋರ್ಡ್‌ಗೆ ಚುಚ್ಚುವುದು ಒಂದು. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್) ಪೂರ್ಣ ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡದೆ ರ್‍ಯಾಮ್ ಅನ್ನು ಕಡಿಮೆ ವೇಗದಲ್ಲೇ ಓಡಿಸುವುದು ಇನ್ನೊಂದು. 144 ಹರ್ಟ್ಸ್ (ಸೆಕೆಂಡಿಗೆ 144 ಚಿತ್ರ ತೋರಿಸುವ) ಮಾನಿಟರ್ ತಂದು ವಿಂಡೋಸ್‌ನಲ್ಲಿ 60ಕ್ಕೇ ಬಿಟ್ಟಿರುವವರೂ ಬಹಳ. ಯಾವುದೂ ಕೆಟ್ಟಿರುವುದಿಲ್ಲ, ಎಲ್ಲವೂ ಓಡುತ್ತಿರುತ್ತದೆ, ಕೊಟ್ಟ ಹಣಕ್ಕೆ ತಕ್ಕಷ್ಟು ಓಡುತ್ತಿರುವುದಿಲ್ಲ.

2025ರಲ್ಲಿ ಹೊಸದಾಗಿ ಸೇರಿದ ತಲೆನೋವು

ಆನ್‌ಲೈನ್ ಶೂಟಿಂಗ್ ಗೇಮ್‌ಗಳಲ್ಲಿ ಮೋಸ ತಡೆಯಲು ಕಂಪನಿಗಳು ಈಗ ಪಿಸಿಯ ಒಳಗೆ ಬಹಳ ಆಳಕ್ಕೆ ಇಳಿಯುತ್ತಿವೆ. 2025ರ ಅಕ್ಟೋಬರ್‌ನಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 6’ ಪಿಸಿಯಲ್ಲಿ ಓಡಬೇಕಾದರೆ, ಪಿಸಿ ಏಳುವಾಗ ನಂಬಿಕಸ್ಥ ತಂತ್ರಾಂಶಕ್ಕೆ ಮಾತ್ರ ಅವಕಾಶ ಕೊಡುವ ಸೆಕ್ಯೂರ್ ಬೂಟ್ ಆನ್ ಇರಲೇಬೇಕು. ನವೆಂಬರ್‌ನ ‘ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ 7’ಕ್ಕೆ ಅದರ ಜೊತೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೂಡ ಬೇಕು. ಕೇಳಲು ಎರಡು ಸ್ವಿಚ್. ಮಾಡಲು ಹೋದವರಲ್ಲಿ ಎಷ್ಟೋ ಜನರ ಪಿಸಿ ಮರುದಿನ ವಿಂಡೋಸ್‌ಗೇ ಹೋಗಲಿಲ್ಲ.

ಕಾರಣ ಹೀಗಿದೆ. ಹಳೆಯ ರೀತಿಯಲ್ಲಿ ವಿಂಡೋಸ್ ಹಾಕಿದ್ದರೆ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಧದ್ದಾಗಿರುತ್ತದೆ. ಸೆಕ್ಯೂರ್ ಬೂಟ್‌ಗೆ ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನ ಬೇಕು, ಅದಕ್ಕೆ ಜಿಪಿಟಿ ಎಂಬ ಹೊಸ ವಿಧದ ಡಿಸ್ಕ್ ಬೇಕು. ಇದನ್ನು ನೋಡದೆ ಬಯೋಸ್‌ಗೆ ಹೋಗಿ ಹಳೆಯ ವಿಧಾನಕ್ಕೆ ಅವಕಾಶ ಕೊಡುವ ಸಿಎಸ್‌ಎಂ ಆಫ್ ಮಾಡಿದರೆ ಯಂತ್ರಕ್ಕೆ ವಿಂಡೋಸ್ ಎಲ್ಲಿದೆ ಎಂದೇ ಕಾಣುವುದಿಲ್ಲ. ಸರಿಯಾದ ಕ್ರಮ ಬೇರೆ. ಮೊದಲು ವಿಂಡೋಸ್‌ನ ‘ಸಿಸ್ಟಂ ಇನ್ಫರ್ಮೇಶನ್’ ತೆರೆದು ‘ಬಯೋಸ್ ಮೋಡ್’ ಎದುರು ಏನಿದೆ ನೋಡಬೇಕು. ‘ಯುಇಎಫ್‌ಐ’ ಎಂದಿದ್ದರೆ ನೇರವಾಗಿ ಬಯೋಸ್‌ಗೆ ಹೋಗಬಹುದು. ‘ಲೆಗಸಿ’ ಎಂದಿದ್ದರೆ ಮುಖ್ಯ ಫೈಲ್‌ಗಳನ್ನು ಬೇರೆಡೆ ನಕಲು ಮಾಡಿಟ್ಟು, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡು ತಾತ್ಕಾಲಿಕವಾಗಿ ನಿಲ್ಲಿಸಿ, ವಿಂಡೋಸ್ ಜೊತೆಗೇ ಬರುವ ‘ಎಂಬಿಆರ್2ಜಿಪಿಟಿ’ ಸಾಧನದಿಂದ ಮೊದಲು ಪರೀಕ್ಷೆ, ಆಮೇಲೆ ಪರಿವರ್ತನೆ ಮಾಡಬೇಕು. ಅದು ಮುಗಿದ ಮೇಲೆ ಮಾತ್ರ ಬಯೋಸ್‌ನಲ್ಲಿ ಸಿಎಸ್‌ಎಂ ಆಫ್, ಸೆಕ್ಯೂರ್ ಬೂಟ್ ಆನ್. ಟಿಪಿಎಂ ಅನ್ನು ಎಎಂಡಿ ಬೋರ್ಡ್‌ಗಳಲ್ಲಿ ಎಫ್‌ಟಿಪಿಎಂ ಎಂದೂ ಇಂಟೆಲ್ ಬೋರ್ಡ್‌ಗಳಲ್ಲಿ ಪಿಟಿಟಿ ಎಂದೂ ಹುಡುಕಬೇಕು. ಬೋರ್ಡ್ ಹಳೆಯದಾದರೆ ಬಯೋಸ್ ಅಪ್‌ಡೇಟ್ ಕೂಡ ಬೇಕಾಗಬಹುದು, ಮತ್ತು ಅದರ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡ್ ಏಳದೇ ಹೋಗುವ ಅಪಾಯವಿದೆ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಇದೇ ಹೊತ್ತಿಗೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಈಚಿನದ್ದೇ ಬೇಕು ಎನ್ನುತ್ತದೆ ಮೈಕ್ರೋಸಾಫ್ಟ್. 2017ಕ್ಕಿಂತ ಮುಂಚಿನ ಪಿಸಿ ಇದ್ದವರು ಪ್ರೊಸೆಸರ್, ಬೋರ್ಡ್, ರ್‍ಯಾಮ್ ಮೂರನ್ನೂ ಬದಲಿಸಬೇಕಾಗಬಹುದು, ಅದೂ ರ್‍ಯಾಮ್ ಬೆಲೆ ಮುಗಿಲು ಮುಟ್ಟಿದಾಗ. ಅಂಥವರಿಗೆ ಕನ್ಸೋಲ್ ಹಠಾತ್ತನೆ ಅಗ್ಗವಾಗಿ ಕಂಡರೆ ಅಚ್ಚರಿಯಿಲ್ಲ.

ಕನ್ಸೋಲ್‌ನಲ್ಲಿ ಮೋಸವೇ ಇಲ್ಲ ಎಂದಲ್ಲ. ಕಂಟ್ರೋಲರ್‌ನಂತೆ ನಟಿಸುವ ಪುಟ್ಟ ಸಾಧನಗಳನ್ನು ಚುಚ್ಚಿ ಗುರಿ ಸರಿಮಾಡಿಕೊಳ್ಳುವವರು ಅಲ್ಲೂ ಇದ್ದಾರೆ. ಆದರೆ ಗೋಡೆಯಾಚೆ ನೋಡುವ ಸಾಫ್ಟ್‌ವೇರ್ ಹಾಕಲು ಬೀಗ ಹಾಕಿದ ಯಂತ್ರ ಸುಲಭಕ್ಕೆ ಬಿಡದು. ಬ್ಯಾಂಕಿನ ಕೆಲಸ, ಕಚೇರಿಯ ಫೈಲ್ ಎಲ್ಲ ಇರುವ ಪಿಸಿಯ ಬೇರಿಗೇ ಒಂದು ಗೇಮ್ ಕಂಪನಿಯ ಕಾವಲು ತಂತ್ರಾಂಶ ಇಳಿಸುವುದು ಬೇಡ ಎಂದು ಕನ್ಸೋಲ್‌ಗೆ ಬಂದವರ ಆತಂಕವೂ ನ್ಯಾಯವಾದದ್ದೇ.

ಟಿವಿ ಮುಂದೆ ಕೂತು ಆಡುವುದು

ಹಗಲಿಡೀ ಕಂಪ್ಯೂಟರ್ ಮುಂದೆ ಕೆಲಸ ಮಾಡಿದವರು ಸಂಜೆ ಮತ್ತೆ ಅದೇ ಕುರ್ಚಿಗೆ ಹೋಗಲು ಒಲ್ಲರು. ಪಿಸಿಯನ್ನೂ ಟಿವಿಗೆ ಜೋಡಿಸಬಹುದು, ಆದರೆ ಅದು ಕೈಯಲ್ಲೊಂದು ಕೀಬೋರ್ಡ್ ಕೇಳುತ್ತದೆ. ಕಂಟ್ರೋಲರ್ ಬಟನ್ ಒತ್ತಿದರೆ ಟಿವಿಯೂ ಆನ್ ಆಗಿ ಸರಿಯಾದ ಎಚ್‌ಡಿಎಂಐಗೆ ತಾನೇ ಬರುವ ಸೌಲಭ್ಯ ಕನ್ಸೋಲ್‌ಗಳಲ್ಲಿದೆ, ಹೆಚ್ಚಿನ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿಲ್ಲ.

ಇಲ್ಲಿ ಕನ್ಸೋಲ್ ಕೊಂಡವರೂ ಎರಡು ಕೆಲಸ ಮಾಡಲೇಬೇಕು. ಟಿವಿಯ ‘ಗೇಮ್ ಮೋಡ್’ ಆನ್ ಮಾಡುವುದು ಮೊದಲನೆಯದು. ಇಲ್ಲದಿದ್ದರೆ ಚಿತ್ರ ನುಣುಪಾಗಿಸುವ ಸಂಸ್ಕರಣೆಯಿಂದಾಗಿ, ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ 100 ಮಿಲಿಸೆಕೆಂಡ್‌ವರೆಗೂ ಅಂತರ ಬೀಳಬಹುದು. ಎರಡನೆಯದು, ಟಿವಿಯ ಸೆಟ್ಟಿಂಗ್‌ನಲ್ಲಿ ಆ ಎಚ್‌ಡಿಎಂಐ ಪೋರ್ಟನ್ನು ‘ಎನ್‌ಹ್ಯಾನ್ಸ್‌ಡ್’ ವಿಧಕ್ಕೆ ಬದಲಿಸುವುದು. 4ಕೆಯಲ್ಲಿ 120 ಹರ್ಟ್ಸ್ ಬೇಕಾದರೆ ಎಚ್‌ಡಿಎಂಐ 2.1 ಪೋರ್ಟ್ ಬೇಕು. ಅದು ಅನೇಕ ಟಿವಿಗಳಲ್ಲಿ ಒಂದೋ ಎರಡೋ ಇರುತ್ತದೆ, ಅದರಲ್ಲೊಂದನ್ನು ಸೌಂಡ್‌ಬಾರ್ ಹಿಡಿದಿರುತ್ತದೆ. ಪೆಟ್ಟಿಗೆಯಲ್ಲಿ ಬಂದ ಕೇಬಲ್ಲನ್ನೇ ಬಳಸಬೇಕು, ಮನೆಯಲ್ಲಿದ್ದ ಹಳೆಯದನ್ನಲ್ಲ.

ಪಿಸಿ ಪಕ್ಷದ ವಾದವೂ ಬಲವಾಗಿದೆ

ಪೆಟ್ಟಿಗೆಯಲ್ಲಿ ಉಳಿದ ಹಣ ಆಮೇಲೆ ಕಂತಿನಲ್ಲಿ ಹೋಗುತ್ತದೆ ಎನ್ನುತ್ತಾರೆ ಪಿಸಿ ಬಳಸುವವರು. ಇದು ನಿಜ. ಹಣ ಕೊಟ್ಟು ಕೊಂಡ ಗೇಮನ್ನು ಪ್ಲೇಸ್ಟೇಷನ್‌ನಲ್ಲಿ ಆನ್‌ಲೈನ್ ಆಡಲು ಪಿಎಸ್ ಪ್ಲಸ್ ಚಂದಾ ಬೇಕು, ‘ಫೋರ್ಟ್‌ನೈಟ್’ನಂಥ ಉಚಿತ ಗೇಮ್‌ಗಳಿಗೆ ಮಾತ್ರ ವಿನಾಯಿತಿ. ಪಿಸಿಯಲ್ಲಿ ಇಂಥ ಚಂದಾ ಇಲ್ಲ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್‌ನಲ್ಲಿ ಹಲವು ಗೇಮ್‌ಗಳನ್ನು ಒಂದೇ ಚಂದಾದಲ್ಲಿ ಕೊಡುವ ಗೇಮ್ ಪಾಸ್ ಅಲ್ಟಿಮೇಟ್ ಅನ್ನು ಅಮೆರಿಕದಲ್ಲಿ ತಿಂಗಳಿಗೆ 19.99 ಡಾಲರ್‌ನಿಂದ ಒಮ್ಮೆಲೇ 29.99ಕ್ಕೆ ಏರಿಸಿದಾಗ, ಕನ್ಸೋಲ್ ಅಗ್ಗ ಎಂಬ ವಾದಕ್ಕೆ ದೊಡ್ಡ ಏಟು ಬಿತ್ತು. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ ಗೇಮನ್ನು ವಾಪಸ್ ಕೊಡಬಹುದು. ಸೋನಿಯ ಅಂಗಡಿಯಲ್ಲಿ ಡೌನ್‌ಲೋಡ್ ಶುರುವಾದರೆ ಸಾಮಾನ್ಯವಾಗಿ ಹಣ ವಾಪಸ್ ಬರದು.

ಇನ್ನೂ ಗಂಭೀರವಾದದ್ದು ಹಳೆಯ ಗೇಮ್‌ಗಳ ಗತಿ. ನಿಂಟೆಂಡೊ ಕಂಪನಿಯ ‘3ಡಿಎಸ್’ ಮತ್ತು ‘ವೀ ಯು’ ಕನ್ಸೋಲ್‌ಗಳ ಅಂಗಡಿಯಲ್ಲಿ ಖರೀದಿ 2023ರ ಮಾರ್ಚ್‌ನಲ್ಲಿ ನಿಂತಿತು, ಎಕ್ಸ್‌ಬಾಕ್ಸ್ 360ರದ್ದು 2024ರ ಜುಲೈನಲ್ಲಿ. ಪಿಎಸ್5ನಲ್ಲಿ ಬಹುತೇಕ ಎಲ್ಲ ಪಿಎಸ್4 ಗೇಮ್ ಓಡುತ್ತವೆ, ಪಿಎಸ್3 ಡಿಸ್ಕ್ ಓಡದು. ಬೇರೆ ದೇಶಗಳಲ್ಲಿ ಪಿಎಸ್3 ಗೇಮ್‌ಗಳನ್ನು ಸ್ಟ್ರೀಮಿಂಗ್ ಮೂಲಕ ಆಡಬಹುದು. ಭಾರತದಲ್ಲಿರುವ ಪಿಎಸ್ ಪ್ಲಸ್ ಡಿಲಕ್ಸ್ ಚಂದಾದಲ್ಲಿ ಆ ಸೌಲಭ್ಯವಿಲ್ಲ. ಪಿಸಿಯಲ್ಲಿ 20 ವರ್ಷ ಹಳೆಯ ಗೇಮನ್ನೂ ಸ್ವಲ್ಪ ಒದ್ದಾಡಿ ಓಡಿಸಿಕೊಳ್ಳಬಹುದು.

ಅದೇ ಪಿಸಿಯಲ್ಲಿ ಮಕ್ಕಳ ಪ್ರಾಜೆಕ್ಟ್, ವಿಡಿಯೊ ಎಡಿಟಿಂಗ್, ಕೋಡಿಂಗ್ ಎಲ್ಲ ನಡೆಯುತ್ತದೆ ಎಂಬುದಂತೂ ನಮ್ಮ ಮನೆಗಳಲ್ಲಿ ತೂಕದ ಮಾತು. ಮನೆಗೆ ಹೇಗೂ ಒಂದು ಕಂಪ್ಯೂಟರ್ ಬೇಕಿದ್ದರೆ, ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಸೇರಿಸುವ ಲೆಕ್ಕವನ್ನು ಕನ್ಸೋಲ್ ಬೆಲೆಯೊಂದಿಗೆ ಹೋಲಿಸಬೇಕು, ಇಡೀ ಪಿಸಿಯ ಬೆಲೆಯನ್ನಲ್ಲ. ಈ ಹೋಲಿಕೆಯಲ್ಲಿ ಪಿಸಿ ಗೆಲ್ಲುವ ಸಂದರ್ಭಗಳು ಬಹಳ ಇವೆ.

ನಮ್ಮ ಕಡೆಯ ಲೆಕ್ಕ

ಭಾರತದಲ್ಲಿ ಕನ್ಸೋಲ್ ಕೊಳ್ಳುವವರಿಗೆ ಡಿಸ್ಕ್ ಡ್ರೈವ್ ದೊಡ್ಡ ವಿಷಯ. ಆಡಿ ಮುಗಿಸಿದ ಡಿಸ್ಕನ್ನು ಮಾರಿದರೆ ಅಥವಾ ಸ್ನೇಹಿತರೊಂದಿಗೆ ಬದಲಾಯಿಸಿಕೊಂಡರೆ ಗೇಮ್‌ನ ನಿಜವಾದ ಖರ್ಚು ಅರ್ಧಕ್ಕಿಳಿಯಬಹುದು. ಡಿಜಿಟಲ್ ಮಾದರಿ ಕೊಂಡಾಗ ಹತ್ತು ಸಾವಿರ ಉಳಿದಂತೆ ಕಂಡರೂ ಈ ದಾರಿ ಮುಚ್ಚಿಹೋಗುತ್ತದೆ. ತೆಳು ಪಿಎಸ್5ಗೆ ಡ್ರೈವ್ ಆಮೇಲೆ ಸೇರಿಸಬಹುದು, ಮೊದಲ ಜೋಡಣೆಗೆ ಇಂಟರ್ನೆಟ್ ಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಸೇರಿಸುವಂತಿಲ್ಲ.

ಅಮೆರಿಕ, ದುಬೈಗಳಲ್ಲಿರುವ ನಂಟರಿಂದ ಕನ್ಸೋಲ್ ತರಿಸುವುದು ನಮ್ಮಲ್ಲಿ ರೂಢಿ. ಪಿಎಸ್5 ಗೇಮ್ ಡಿಸ್ಕ್‌ಗಳಿಗೆ ದೇಶದ ಬೀಗವಿಲ್ಲ, ಆದರೆ ಹೆಚ್ಚುವರಿ ಭಾಗಗಳನ್ನು ಡಿಸ್ಕ್ ಯಾವ ಪ್ರದೇಶದ್ದೋ ಅದೇ ಪ್ರದೇಶದ ಖಾತೆಯಿಂದ ಕೊಳ್ಳಬೇಕು. ಅಲ್ಲಿನ ವಾರಂಟಿ ಇಲ್ಲಿ ನಡೆಯದು. 2024ರ ನವೆಂಬರ್‌ನಲ್ಲಿ ಬಂದ ಪಿಎಸ್5 ಪ್ರೊ ಆಗ ಭಾರತಕ್ಕೆ ಬರಲೇ ಇಲ್ಲ. ಅದರ ವೈ-ಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಅನುಮತಿ ಇರಲಿಲ್ಲ. ನಿಂಟೆಂಡೊ ಅಂತೂ ಇಲ್ಲಿ ಅಧಿಕೃತವಾಗಿ ಮಾರುವುದೇ ಇಲ್ಲ, 2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಇಲ್ಲಿ ಸಿಗುವುದು ಹೊರಗಿನಿಂದ ತರಿಸಿ ಮಾರುವ ಅಂಗಡಿಗಳಲ್ಲಿ.

ಕರೆಂಟ್ ವಿಷಯಕ್ಕೆ ಬಂದರೆ, ದೊಡ್ಡ ಗೇಮ್ ಓಡುವಾಗ ಪಿಎಸ್5 ಎಳೆಯುವುದು ಸುಮಾರು 200 ವ್ಯಾಟ್. ದಿನಕ್ಕೆ ಎರಡು ಗಂಟೆ ಆಡಿದರೆ ತಿಂಗಳಿಗೆ 12 ಯೂನಿಟ್. 400 ವ್ಯಾಟ್ ಎಳೆಯುವ ಪಿಸಿಗೆ 24 ಯೂನಿಟ್. ಇನ್ವರ್ಟರ್ ಇರುವ ಮನೆಗಳಲ್ಲಿ ಅದರ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆ ಇರಬೇಕು. ಇಲ್ಲದಿದ್ದರೆ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲೇ ಯಂತ್ರ ಆಫ್ ಆಗುತ್ತದೆ. ಹೀಗೆ ಪದೇ ಪದೇ ಆಫ್ ಆದ ಪಿಎಸ್5 ಮೆನುವಿನಲ್ಲೇ ತಡವರಿಸತೊಡಗಿದರೆ, ಪೂರ್ತಿ ಆಫ್ ಮಾಡಿ, ಪವರ್ ಬಟನ್ನನ್ನು ಎರಡನೆಯ ಬೀಪ್ ಕೇಳುವವರೆಗೆ ಸುಮಾರು ಏಳು ಸೆಕೆಂಡ್ ಒತ್ತಿ ಹಿಡಿದು ಸೇಫ್ ಮೋಡ್‌ಗೆ ಹೋಗಬೇಕು. ಕಂಟ್ರೋಲರನ್ನು ಕೇಬಲ್‌ನಿಂದ ಜೋಡಿಸಿ ‘ರೀಬಿಲ್ಡ್ ಡೇಟಾಬೇಸ್’ ಆರಿಸಬೇಕು. ಗೇಮ್‌ಗಳೂ ಸೇವ್‌ಗಳೂ ಅಳಿಯುವುದಿಲ್ಲ. ಅಲ್ಲೇ ಪಟ್ಟಿಯಲ್ಲಿರುವ ‘ರೀಸೆಟ್’ ಒತ್ತಿದರೆ ಮಾತ್ರ ಎಲ್ಲವೂ ಹೋಗುತ್ತದೆ.

ಇನ್ನು ಜಾಗ. ಮೊದಲ ಪಿಎಸ್5ನ 825 ಜಿಬಿಯಲ್ಲಿ ಬಳಕೆಗೆ ಸಿಗುವುದು 667 ಮಾತ್ರ. ದೊಡ್ಡ ಗೇಮ್‌ಗಳು 100 ಜಿಬಿ ದಾಟುತ್ತಿರುವಾಗ ಆರೇಳಕ್ಕೆ ಭರ್ತಿ. ಒಳಗಿನ ಎಂ.2 ಸ್ಲಾಟ್‌ಗೆ ಜೆನ್ 4 ಎನ್‌ವಿಎಂಇ ಎಸ್‌ಎಸ್‌ಡಿ ಹಾಕಬಹುದು. ಸೋನಿ ಹೇಳುವ ವೇಗ ಸೆಕೆಂಡಿಗೆ 5,500 ಎಂಬಿ. ಬಿಸಿ ಹೊರಹಾಕುವ ಹೀಟ್‌ಸಿಂಕ್ ಕಡ್ಡಾಯ, ಆದರೆ ಅದೂ ಸೇರಿ ಒಟ್ಟು ದಪ್ಪ 11.25 ಮಿಲಿಮೀಟರ್ ಮೀರಬಾರದು. ಪಿಸಿಗೆಂದು ಮಾಡಿದ ಎತ್ತರದ ಹೀಟ್‌ಸಿಂಕ್ ತಂದು ಮುಚ್ಚಳ ಕೂರದೆ ವಾಪಸ್ ಕೊಡುವವರು ಬಹಳ.

ಮುಂದೇನಾಗಬಹುದು

ಸದ್ಯ ಕನ್ಸೋಲ್ ಕಡೆಗೆ ಜನರನ್ನು ಎಳೆಯುತ್ತಿರುವ ದೊಡ್ಡ ಶಕ್ತಿ ಒಂದೇ ಗೇಮ್. ‘ಜಿಟಿಎ 6’ ಬಿಡುಗಡೆಗೆ ರಾಕ್‌ಸ್ಟಾರ್ 2026ರ ನವೆಂಬರ್ 19 ಎಂದು ದಿನ ಗೊತ್ತುಮಾಡಿದ್ದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಇದೇ ಕಂಪನಿಯ ‘ಜಿಟಿಎ 5’ 2013ರ ಸೆಪ್ಟೆಂಬರ್‌ನಲ್ಲಿ ಕನ್ಸೋಲ್‌ಗೆ ಬಂದು ಪಿಸಿ ಮುಟ್ಟಲು 19 ತಿಂಗಳು ಹಿಡಿಯಿತು, ‘ರೆಡ್ ಡೆಡ್ ರಿಡೆಂಪ್ಶನ್ 2’ಕ್ಕೆ ಒಂದು ವರ್ಷಕ್ಕೂ ತುಸು ಹೆಚ್ಚು. ಅಷ್ಟು ದಿನ ಕಾಯಲಾರದವರು ಬೆಲೆ ನೋಡದೆ ಕನ್ಸೋಲ್ ಕೊಳ್ಳುತ್ತಾರೆ. ಕಂಪನಿಗಳಿಗೂ ಇದು ಗೊತ್ತು, ಹಾಗಾಗಿ ಬೆಲೆ ಇಳಿಸುವ ಒತ್ತಡ ಅವರ ಮೇಲಿಲ್ಲ.

ಪಿಸಿ ಕಡೆ, ಹೊಣೆಯನ್ನು ಆಟಗಾರರಿಂದ ಇಳಿಸುವ ಪ್ರಯತ್ನ ಶುರುವಾಗಿದೆ. ಕೈಯಲ್ಲಿ ಹಿಡಿದು ಆಡುವ ವಾಲ್ವ್‌ನ ಪುಟ್ಟ ಪಿಸಿ ಸ್ಟೀಮ್ ಡೆಕ್ ಎಲ್ಲರ ಬಳಿಯೂ ಹೆಚ್ಚುಕಡಿಮೆ ಒಂದೇ ಯಂತ್ರವಾದ್ದರಿಂದ ಕಂಪೈಲ್ ಆದ ಶೇಡರ್‌ಗಳು ಡೌನ್‌ಲೋಡ್ ಜೊತೆಗೇ ಬರುತ್ತವೆ. ಮೈಕ್ರೋಸಾಫ್ಟ್ ಕೂಡ 2025ರ ಅಕ್ಟೋಬರ್‌ನಲ್ಲಿ ಏಸಸ್ ಜೊತೆ ತಂದ ಆರ್‌ಒಜಿ ಎಕ್ಸ್‌ಬಾಕ್ಸ್ ಅಲೈ ಎಂಬ ಅಂಥದೇ ಪುಟ್ಟ ಪಿಸಿಯಲ್ಲಿ ಇದೇ ದಾರಿ ಹಿಡಿದಿದೆ. ಇದು ಎಲ್ಲ ಪಿಸಿಗಳಿಗೂ ಹಬ್ಬಿದರೆ ಕನ್ಸೋಲ್‌ನ ಅತಿ ದೊಡ್ಡ ತಾಂತ್ರಿಕ ಅನುಕೂಲ ಕರಗುತ್ತದೆ. ಆದರೆ ಸ್ಟೀಮ್ ಮೆಷಿನ್ ಓಡುವುದು ಲಿನಕ್ಸ್ ಆಧಾರದ ಸ್ಟೀಮ್ಓಎಸ್ ಮೇಲೆ. ‘ಬ್ಯಾಟಲ್‌ಫೀಲ್ಡ್ 6’, ‘ಕಾಲ್ ಆಫ್ ಡ್ಯೂಟಿ’, ‘ವ್ಯಾಲೊರಂಟ್’ಗಳ ಕಾವಲು ತಂತ್ರಾಂಶ ಅದರ ಮೇಲೆ ನಡೆಯುವುದಿಲ್ಲ. ಟಿವಿ ಮುಂದೆ ಕೂತು ಗೆಳೆಯರೊಂದಿಗೆ ಶೂಟಿಂಗ್ ಗೇಮ್ ಆಡುವವರಿಗೇ ಆ ಪೆಟ್ಟಿಗೆ ಒದಗದಿದ್ದರೆ, ಅದು ಕನ್ಸೋಲ್‌ನ ಜಾಗ ತುಂಬುವುದು ಕಷ್ಟ.

ಹೊಸದರ ಬೆಲೆ ಏರಿದಾಗ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಗಳಿಗೂ ಬೇಡಿಕೆ ಏರುತ್ತದೆ, ಕೆಟ್ಟದ್ದನ್ನು ಒರೆಸಿ ಮಾರುವವರೂ ಹೆಚ್ಚುತ್ತಾರೆ. ಹಳೆಯ ಪಿಎಸ್5 ನೋಡಲು ಹೋದವರು ಒಂದು ಡಿಸ್ಕ್ ಜೊತೆಗೊಯ್ದು ಅದು ಓದುತ್ತದೆಯೇ ನೋಡಬೇಕು. ಎಚ್‌ಡಿಎಂಐ ಕೇಬಲ್ ಚುಚ್ಚಿ ಮೆಲ್ಲಗೆ ಅಲುಗಾಡಿಸಿದಾಗ ಚಿತ್ರ ಹೋಗಿ ಬಂದರೆ ಪೋರ್ಟ್ ಸಡಿಲವಾಗಿದೆ ಎಂದರ್ಥ. ಕಂಟ್ರೋಲರ್‌ನ ಕಡ್ಡಿ ಮುಟ್ಟದೇ ಇಟ್ಟಾಗಲೂ ಪಾತ್ರ ಒಂದು ಕಡೆ ಜಾರುತ್ತಿದ್ದರೆ ಒಳಗಿನ ಸಂವೇದಕ ಸವೆದಿದೆ, ಅದನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿಸಿಕೊಳ್ಳಬೇಕು. ಕೊನೆಯದಾಗಿ ನಿಮ್ಮದೇ ಖಾತೆಯಿಂದ ಅಲ್ಲೇ ಲಾಗಿನ್ ಆಗಿ ನೋಡಿ: ಹಿಂದಿನವರ ತಪ್ಪಿಗೆ ಆ ಕನ್ಸೋಲನ್ನು ಸೋನಿ ನಿಷೇಧಿಸಿದ್ದರೆ ಆನ್‌ಲೈನ್ ಸೇವೆ ತೆರೆಯುವುದೇ ಇಲ್ಲ, ಹಣ ಕೊಟ್ಟ ಮೇಲೆ ಅದಕ್ಕೆ ಪರಿಹಾರವೂ ಇಲ್ಲ.